ಕೇಳುವುದನ್ನು ಕಲಿಯಲು ಮೆಲ್ಬರ್ನಿಗೆ ಹೋದದ್ದು

ಗಡಿ ಎಂದರೆ ನನಗೆ ಬೆಳಗಾವಿ ಕಡೆಯ ಜಗಳ ಗೊತ್ತಿತ್ತು. ಮನಸ್ಸಿನ ನೋವು ಕೇಳುವುದಕ್ಕೂ ಗಡಿ ಇರುತ್ತದೆ ಎಂದು ಗೊತ್ತಾದದ್ದು ಸಿಡ್ನಿಯಲ್ಲಿ.

ನಾನು ಸೈಕಾಲಜಿಸ್ಟ್. ಮಾತ್ರೆ ಬರೆದುಕೊಡುವವಳಲ್ಲ, ಎದುರು ಕೂರಿಸಿಕೊಂಡು ಮಾತಾಡಿಸುವವಳು. ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿನ ಟೂಂಗಾಬಿ ಬಡಾವಣೆಯ ಅಂಗಡಿ ಸಾಲಿನ ಮೇಲಿನ ಒಂದು ಕೋಣೆಯಲ್ಲಿ ಕೂರುತ್ತಿದ್ದೆ. ಕೆಳಗಿನ ಅಂಗಡಿಯಿಂದ ಒಗ್ಗರಣೆಯ ಘಾಟು ಮೇಲೆ ಬಂದು, ಅಳುತ್ತಿರುವವರು ನಡುವೆ ಸೀನುತ್ತಿದ್ದರು. ಆ ಕಾಲದಲ್ಲಿ ಆಸ್ಟ್ರೇಲಿಯಾದ ಒಂದೊಂದು ರಾಜ್ಯಕ್ಕೂ ಒಂದೊಂದು ಮಂಡಳಿ, ಒಂದೊಂದು ರಿಜಿಸ್ಟ್ರೇಷನ್. ಸಿಡ್ನಿಯದನ್ನು ಗೋಡೆಗೆ ತೂಗುಹಾಕಿಕೊಂಡು ಮೆಲ್ಬರ್ನಿನವರ ದುಃಖ ಕೇಳುವ ಹಾಗಿರಲಿಲ್ಲ.

ನನ್ನ ಹತ್ತಿರ ದಾವಣಗೆರೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಬಸುರಿ, ನಿದ್ದೆಯಿಲ್ಲ, ಎಲ್ಲಕ್ಕೂ ಭಯ. ಮೊದಲ ದಿನ ನನ್ನನ್ನು ಮೇಡಂ ಎಂದವಳು ಮೂರನೆಯ ವಾರಕ್ಕೆ ಆಂಟಿ ಎಂದಳು. ನಮ್ಮ ವೃತ್ತಿಯ ನಿಯಮಗಳು ಇದಕ್ಕೆ ಮೂಗು ಮುರಿಯುತ್ತವೆ. ಮುರಿಯಲಿ ಎಂದು ಬಿಟ್ಟೆ. ಅಷ್ಟರಲ್ಲಿ ಅವಳ ಗಂಡನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಊರಂಚಿನ ಕ್ಲೈಡ್ ನಾರ್ತ್‌ನಲ್ಲಿ ಬಾಡಿಗೆ ಮನೆ ಹಿಡಿದರು. ಆಗ ಅಲ್ಲಿ ಮನೆಗಳಿಗಿಂತ ಬೇಲಿ ಹಾಕಿದ ಖಾಲಿ ಸೈಟುಗಳೇ ಹೆಚ್ಚು. ಹೆರಿಗೆಯಾಯಿತು. ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಅತ್ತೆ ಬಂದರು. ಒಂದು ಮಧ್ಯಾಹ್ನ ಅವಳು ಫೋನ್ ಮಾಡಿದಳು.

"ಆಂಟಿ, ಪಾಪು ಅತ್ರೆ ಪಕ್ಕದ್ಮನೆ ಪಾಪು ಅತ್ತ ಹಾಗೆ ಕೇಳ್ಸತ್ತೆ. ನಂದು ಅಂತ ಅನ್ಸೋದೇ ಇಲ್ಲ. ಇಲ್ಲಿ ಡಾಕ್ಟ್ರಿದಾರೆ, ನರ್ಸ್ ಮನೆಗೇ ಬರ್ತಾರೆ, ಎಲ್ಲಾ ಒಳ್ಳೇವ್ರು. ಆದ್ರೆ ಇಂಗ್ಲಿಷಲ್ಲಿ ಐ ಆಮ್ ಫೈನ್ ಅಂತ್ಲೇ ಬಾಯಿಗ್ ಬರತ್ತೆ."

ಇನ್ನೊಂದು ಸಂಗತಿಯನ್ನೂ ಹೇಳಿದಳು. ವೀಸಾ ಮುಗಿದು ಊರಿಗೆ ಮರಳುವಾಗ ಮಗುವನ್ನೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದರು ಅತ್ತೆ. ಎರಡು ವರ್ಷ ಹುಬ್ಬಳ್ಳಿಯಲ್ಲಿ ಬೆಳೆಯಲಿ, ಇವಳು ಸುಧಾರಿಸಿಕೊಂಡು ಕೆಲಸಕ್ಕೆ ಹೋಗಲಿ ಎಂಬುದು ಅವರ ಲೆಕ್ಕ. ನಮ್ಮವರಲ್ಲಿ ಇದೇನು ಹೊಸದಲ್ಲ. ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಮನೆಯಿದ್ದ ಬೀದಿಯಲ್ಲೇ ಹಾಗೆ ಹೋಗಿ ಬಂದ ಮಕ್ಕಳಿದ್ದವು. ಗಂಡ ಟಿಕೆಟ್ ನೋಡತೊಡಗಿದ್ದ. "ಹೋಗ್ಲಿ ಅನ್ಸತ್ತೆ ಆಂಟಿ. ಹೋದ್ರೆ ಮಾತ್ರ ನಾನು ಮತ್ತೆ ಯಾವತ್ತೂ ಅದ್ರ ಅಮ್ಮ ಆಗಲ್ಲ," ಎಂದಳು. ಅತ್ತೆಯ ಎದುರು 'ಬೇಡ' ಎನ್ನುವ ಧೈರ್ಯ ಅವಳಿಗೆ ಇರಲಿಲ್ಲ.

ಅರ್ಜಿ ಹಾಕಿ, ಮೆಲ್ಬರ್ನ್ ಸೇರಿರುವ ವಿಕ್ಟೋರಿಯಾ ರಾಜ್ಯದ ರಿಜಿಸ್ಟ್ರೇಷನ್ ಪಡೆದೆ. ನಮ್ಮ ವೃತ್ತಿಯವರು ಎಷ್ಟೇ ಹಳಬರಾದರೂ ಕಲಿಯುತ್ತಲೇ ಇರಬೇಕು ಎಂಬ ಕಟ್ಟಳೆಯಿದೆ. ಆ ಸಲ ಫೋನಿನ ಮೂಲಕ ಕೆಲಸ ಮಾಡುವವರ ತರಬೇತಿ ಮೆಲ್ಬರ್ನಿನಲ್ಲಿ ನಡೆಯುವುದಿತ್ತು. ಹೆಸರು ಕೊಟ್ಟೆ. ನಿಜ ಹೇಳಬೇಕೆಂದರೆ ಕಾಟಾಚಾರಕ್ಕೆ ಹೋದೆ. ಫೋನಿನಲ್ಲಿ ಮಾತಾಡುವುದನ್ನು ನನಗೆ ಇವರೇನು ಕಲಿಸುವುದು? ತವರಿನಿಂದ ಸಾವಿರಾರು ಮೈಲಿ ದೂರ ಇರುವ ಹೆಣ್ಣುಮಕ್ಕಳ ಸಂಸಾರವೇ ಫೋನಿನಲ್ಲಿ ನಡೆಯುತ್ತದೆ!

ಕಲಿಸಲು ಬಂದವರು ಬೆಳ್ಳಿಕೂದಲಿನ ಹೆಂಗಸು. ಊರಿನಿಂದ ಊರಿಗೆ ಅರ್ಧ ದಿನದ ದಾರಿಯಿರುವ ಒಳನಾಡಿನ ಕುರಿಸಾಕಣೆಯ ಮನೆಗಳವರನ್ನು ವರ್ಷಗಟ್ಟಲೆ ಫೋನಿನಲ್ಲೇ ನೋಡಿಕೊಂಡವರು. ಮೊದಲು ಶಿಸ್ತಿನ ಪಾಠ. ಮಾತು ಶುರುಮಾಡುವ ಮುನ್ನ ಅವರೀಗ ಎಲ್ಲಿದ್ದಾರೆ, ವಿಳಾಸವೇನು, ಜೊತೆಯಲ್ಲಿ ಯಾರಿದ್ದಾರೆ ಎಂದು ಪ್ರತಿಸಲವೂ ಕೇಳಬೇಕು. ಅಪಾಯ ಎದುರಾದರೆ ನೀವಿರುವ ಊರಿನ ಆಂಬುಲೆನ್ಸ್ ಅವರ ಮನೆಗೆ ಹೋಗುವುದಿಲ್ಲವಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

ಮಧ್ಯಾಹ್ನ ಒಂದು ಟೇಪ್ ಹಾಕಿದರು. ಪಾಠಕ್ಕೆಂದೇ ಯಾರೋ ನಟಿಸಿ ಮಾತಾಡಿದ್ದು. ಹೆಂಗಸೊಬ್ಬಳು ಫೋನಿನಲ್ಲಿ ತನ್ನ ಸೈಕಾಲಜಿಸ್ಟ್‌ಗೆ ಸಂಕಟ ಹೇಳಿಕೊಳ್ಳುತ್ತಾಳೆ. "ಅವಳಿರುವ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ?" ಎಂದು ಕೇಳಿದರು. ಒಬ್ಬಳೇ ಎಂದೆವು, ಒಕ್ಕೊರಲಿನಿಂದ. ಮತ್ತೆ ಹಾಕಿದರು. ಬಾಗಿಲ ಸದ್ದಿಲ್ಲ, ಕೆಮ್ಮಿಲ್ಲ, ಏನೂ ಇಲ್ಲ.

"ಇಬ್ಬರು," ಎಂದರು. "ಅವಳು ಹೇಳುತ್ತಿರುವುದರಲ್ಲಿ ಅರ್ಧ, ಕೇಳುತ್ತಿರುವ ಸೈಕಾಲಜಿಸ್ಟ್‌ಗೆ ಮೊದಲೇ ಗೊತ್ತು. ಗೊತ್ತಿರುವವರಿಗೆ ಯಾರೂ ಅಷ್ಟು ಬಿಡಿಸಿ ಹೇಳುವುದಿಲ್ಲ. ಹೇಳುತ್ತಿದ್ದಾರೆ ಎಂದರೆ, ಗೊತ್ತಿಲ್ಲದ ಇನ್ನೊಬ್ಬರು ಅಲ್ಲಿ ಕೂತಿದ್ದಾರೆ."

ಮೂರನೆಯ ಸಲ ಹಾಕಿದಾಗ ನನಗೂ ಕೇಳಿಸಿತು. ಕೇಳಿಸಿತು ಎಂದರೆ, ಇಲ್ಲದ ಸದ್ದು ಕೇಳಿಸಿತು. ಅಷ್ಟು ವರ್ಷ ಇದೇ ಕಸುಬು ಮಾಡಿದ್ದೇನೆ, ಕಿವಿಗೆ ಇಷ್ಟು ಶಕ್ತಿಯಿದೆಯೆಂದು ಯಾರೂ ಹೇಳಿರಲಿಲ್ಲ. ಸಂಜೆ ಜೊತೆಯವರು ಊಟಕ್ಕೆ ಕರೆದರೂ ಹೋಗದೆ ಹೋಟೆಲಿನ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು, ಕೆಳಗೆ ಹೋಗುವ ಟ್ರ್ಯಾಮಿನ ಸದ್ದನ್ನು ಹೊಸದಾಗಿ ಕಿವಿ ಬಂದವಳಂತೆ ಕೇಳುತ್ತ ಕೂತಿದ್ದೆ.

ಸಿಡ್ನಿಗೆ ಮರಳಿ ಹುಡುಗಿಯ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತು ಶುರುಮಾಡಿದೆ. ಅವಳು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಿದ್ದಳು. ವಾರಗಳು ಕಳೆದವು. ಅತ್ತೆ ಹೊರಡುವ ದಿನ ಹತ್ತಿರವಾಯಿತು, ಅವಳ ಬಾಯಿಂದ ಅತ್ತೆಯ ಮುಂದೆ ಒಂದು ಮಾತೂ ಹೊರಡಲಿಲ್ಲ. ಮಗುವಿಗೆ ಪಾಸ್‌ಪೋರ್ಟ್ ಬಂತು ಎಂದಳು.

ಮುಂದಿನ ವಾರ ನಿಯಮದಂತೆ ಕೇಳಿದೆ. ಮನೆಯಲ್ಲೇ ಇದ್ದೇನೆ ಎಂದಳು. ಜೊತೆಯಲ್ಲಿ ಯಾರಿದ್ದಾರೆ ಎಂಬುದಕ್ಕೆ "ಪಾಪು" ಎಂದಷ್ಟೇ ಹೇಳಿ ಮಾತು ಶುರುಮಾಡಿಬಿಟ್ಟಳು. ಆವತ್ತು ಪಿಸುಮಾತಿಲ್ಲ. ನಿಧಾನವಾಗಿ, ಶಾಲೆಯಲ್ಲಿ ಎದ್ದು ನಿಂತು ಓದಿದ ಹಾಗೆ, ಒಂದೊಂದೇ ವಾಕ್ಯ. ಹೆರಿಗೆಯ ದಿನದಿಂದ ಹಿಡಿದಳು. ಪಾಪುವನ್ನು ಎತ್ತಿಕೊಂಡರೆ ಕೈ ತಣ್ಣಗಾಗುವುದು, ಎಣ್ಣೆ ನೀರು ಹಾಕುವಾಗ ಅತ್ತೆಯ ಕೈಚಳಕ ನೋಡಿ ತಾನು ಯಾತಕ್ಕೂ ಬಾರದವಳು ಅನಿಸುವುದು, ಎಲ್ಲ. ಇವೆಲ್ಲ ನನಗೆ ಗೊತ್ತು, ಇವಳೇಕೆ ಮತ್ತೆ ಮೊದಲಿನಿಂದ ಹೇಳುತ್ತಿದ್ದಾಳೆ ಎಂದುಕೊಂಡೆ. ಮರುಗಳಿಗೆ ಮೆಲ್ಬರ್ನಿನ ಆ ಟೇಪ್ ನೆನಪಾಯಿತು.

"ಒಂದ್ನಿಮಿಷ," ಎಂದೆ. "ಹೌದು, ಅಲ್ಲ ಅಂದ್ರೆ ಸಾಕು. ಅತ್ತೆ ಅಲ್ಲೇ ಇದಾರಾ?"

"ಹೂಂ ಆಂಟಿ. ನಾನೇ ಸ್ಪೀಕರ್ ಹಾಕಿದೀನಿ."

ಅವರು ಬಲವಂತ ಮಾಡಿದರಾ ಎಂದು ಕೇಳುವ ಮೊದಲೇ ಅವಳು ಹೇಳಿದಳು, "ಯಾರೂ ಹೇಳಿಲ್ಲ ಆಂಟಿ. ಅವ್ರ ಮುಖ ನೋಡ್ಕೊಂಡು ಹೇಳಕ್ಕೆ ನಂಗ್ ಬಾಯೇ ಬರಲ್ಲ. ನಿಮ್ ಹತ್ರ ಹೇಳ್ತೀನಿ. ಅವ್ರಿಗೆ ಕೇಳ್ಸಲಿ."

ನಮ್ಮ ಮನೆಗಳಲ್ಲಿ ಇದು ಹಳೆಯ ಪದ್ಧತಿ. ಒಬ್ಬರಿಗೆ ಹೇಳಬೇಕಾದ್ದನ್ನು ಇನ್ನೊಬ್ಬರಿಗೆ ಹೇಳುವುದು, ತಲುಪಬೇಕಾದವರಿಗೆ ತಲುಪುವಷ್ಟು ಗಟ್ಟಿಯಾಗಿ. ಅತ್ತೆಯಂದಿರು ಸೊಸೆಗೆ ಚುಚ್ಚಬೇಕಾದರೆ ಮಗಳನ್ನು ಬೈಯುತ್ತಾರೆ. ಈ ಹುಡುಗಿ ಅದನ್ನೇ ತಿರುಗಿಸಿ ಹಿಡಿದಿದ್ದಳು. ನಾನು ಕಲಿತು ಬಂದ ಪಾಠದ ಪ್ರಕಾರ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಎಂದರೆ ಮಾತು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅವಳ ಜಾಣ್ಮೆಗೆ, ಅದಕ್ಕಿಂತ ಹೆಚ್ಚಾಗಿ ಆ ಎದೆಗಾರಿಕೆಗೆ, ಬೆರಗಾಗಿ ಕೂತಿದ್ದೆ. "ಹೇಳಮ್ಮ," ಎಂದೆ.

"ಪಾಪುನ ಕಳ್ಸಲ್ಲ ಆಂಟಿ," ಎಂದಳು. ಅಷ್ಟೇ.

ಫೋನಿನ ಹತ್ತಿರ ಬಳೆಗಳ ಸದ್ದಾಯಿತು. ಆಮೇಲೆ ಹುಬ್ಬಳ್ಳಿಯ ಗಟ್ಟಿ ದನಿಯೊಂದು ಬಂತು.

"ಮೇಡಂ ರೀ, ನಾ ಒಂದ್ ಮಾತು ಹೇಳ್ಲ್ಯಾ?"

"ಹೇಳಿ ಅಮ್ಮ."

"ನನಗೂ ಹಿಂಗ ಆಗಿತ್ತು. ನನ್ನ ಮಗ, ಇಕಿ ಗಂಡ, ಹುಟ್ಟಿದಾಗ. ಕೂಸಿನ ಮಾರಿ ನೋಡಾಕ ಮನಸ್ಸ ಇರಲಿಲ್ಲ. ಯಾರ ಮುಂದ ಹೇಳ್ಲಿ? ಹೇಳಿದ್ರ ಹುಚ್ಚಿ ಅಂತಿದ್ರು. ನಮ್ಮತ್ತಿ ಕೂಸನ್ನ ನಾದಿನಿ ಊರಿಗೆ ಕಳಿಸಿಬಿಟ್ರು. ಮೂರು ವರ್ಷದಾಂವ ಆಗಿ ಬಂದ. ನನ್ನ ನೋಡಿ ನಾದಿನಿ ಸೆರಗಿನ ಹಿಂದ ಹೋಗಿ ನಿಂತ."

ಕೂಸಿನ ಬೆನ್ನು ತಟ್ಟುವ ಸದ್ದು ಕೇಳಿಸಿತು.

"ಅದನ್ನ ಮರ್ತೀನಿ ಅಂತ ತಿಳ್ಕೊಂಡಿದ್ದೆ. ಸೊಸಿಗೆ ಆರಾಮ ಸಿಗಲಿ ಅಂತ ಕೂಸು ಒಯ್ತೀನಿ ಅಂದೆ. ಆಕಿ ಬ್ಯಾಡ ಅನ್ನಲಿಲ್ಲ. ನಾನೂ ಆವಾಗ ಬ್ಯಾಡ ಅಂದಿರಲಿಲ್ಲರೀ." ದನಿ ನನ್ನ ಕಡೆಯಿಂದ ಆ ಕಡೆ ತಿರುಗಿತು. "ಏ ತಂಗಿ, ಅವಂಗ ಫೋನ್ ಮಾಡು. ಟಿಕೀಟು ಒಂದ ಸಾಕಂತ ಹೇಳು. ಹೋಗಾಕಿ ನಾ ಒಬ್ಬಾಕಿ."

ಆಗ ಅವಳು ಅತ್ತಳು. ನನ್ನ ಹತ್ತಿರ ಬರಲು ಶುರುಮಾಡಿದಂದಿನಿಂದ ಒಂದು ಹನಿ ಹಾಕದವಳು, ಬಾಯಿ ಬಿಟ್ಟು, ದನಿ ತೆಗೆದು ಅತ್ತಳು. ಅದಕ್ಕೆ ಬೆಚ್ಚಿ ಮಗುವೂ ಕಿರುಚತೊಡಗಿತು. ನಾನು ಸಿಡ್ನಿಯಲ್ಲಿ ಕೂತು ಕಣ್ಣೊರೆಸಿಕೊಂಡೆ. ಎರಡು ರಾಜ್ಯಗಳ ರಿಜಿಸ್ಟ್ರೇಷನ್ ಇದ್ದವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡೆ.

"ಅಳ್ರಿ, ಇಬ್ರೂ ಅಳ್ರಿ," ಎಂದರು ಅತ್ತೆ. "ತಗೋ, ಎತ್ಕೋ ನಿನ್ನ ಕೂಸನ್ನ. ಮೇಡಂ ರೀ, ನೀವು ಹಂಗ ಫೋನಿನ್ಯಾಗ ಇರ್ರಿ, ನಾ ಚಾ ಇಟ್ಟು ಬರ್ತೀನಿ."