ಮಚ್ಛೆ ತಿರುವಿನ ಎಮ್ಮೆ

ಬೆಳಗಾವಿಯಲ್ಲಿ ನಾನು ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದ ಕ್ಲಾಸಿನ ಮಾಸ್ತರರು ಯಾವ ಫೈಲನ್ನೂ ಅಳಿಸುತ್ತಿರಲಿಲ್ಲ. ಅಳಿಸಲೇನ್ರಿ ಎಂದು ಕೇಳಿದರೆ ಮೌಸನ್ನು ಅಂಗೈಯಿಂದ ಮುಚ್ಚಿಕೊಂಡು, "ಇರ್ಲಿ ಬಿಡ್ರಿ, ಅದೇನ್ ಊಟಾ ಬೇಡ್ತೈತಿ?" ಅನ್ನುತ್ತಿದ್ದರು.

ಅವರು ಯಾವುದೋ ವಿದೇಶಿ ಕಾರ್ ರೇಸಿನ ಕಂಪ್ಯೂಟರ್ ಆಟವನ್ನು ಬಿಚ್ಚಿ, ಅದರೊಳಗೆ ಖಾನಾಪುರದ ರಸ್ತೆ ಹಾಸಿ, ಕಾರಿನ ಜಾಗದಲ್ಲಿ ಕೆಂಪು ಬಸ್ಸು ಇಟ್ಟಿದ್ದರು. ದಾರಿಯಲ್ಲಿ ಬರುವ ಮಚ್ಛೆ ಊರಿನ ತಿರುವಿನಲ್ಲಿ, ಬಸ್ಸು ಬಂದಾಗ ಕೂಗಿ ರಸ್ತೆ ದಾಟಲಿ ಎಂದು ಒಂದು ಎಮ್ಮೆಯನ್ನೂ ನಿಲ್ಲಿಸಿದ್ದರು. ಏನು ಮಾಡಿದರೂ ಅದು ರಸ್ತೆ ಬಿಟ್ಟು ಕದಲಲಿಲ್ಲ. ಕೊನೆಗೆ ಅದರ ಚಿತ್ರವನ್ನು 'ಬ್ಯಾಡಾದ್ದು' ಎಂಬ ಫೋಲ್ಡರಿಗೆ ಕಳಿಸಿದರು. ಅದರ ಕೂಗು ಮಾತ್ರ ಆಟದಲ್ಲೇ ಉಳಿಯಿತು.

ಒಮ್ಮೆ ಖಾನಾಪುರದಿಂದ ಅವರ ಮಾವ ಬಂದರು. ಅದೇ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. "ನನ್ನ ರಸ್ತಾ ನನಗ ತೋರಸ್ತೀರೇನ್ರಿ ಅಳಿಯಾರ?" ಎಂದು ಕುಂತವರು, ನಮ್ಮೆಲ್ಲರ ದಾಖಲೆ ಮುರಿಯುವ ವೇಗದಲ್ಲಿ ಹೊರಟರು. ಮಚ್ಛೆ ತಿರುವಿನಲ್ಲಿ ಎಮ್ಮೆ ಕೂಗಿತು. ಮಾವ ಗಕ್ಕನೆ ಬಸ್ಸು ನಿಲ್ಲಿಸಿದರು.

"ಹೊಡೀರಿ ಮಾವಾರ, ಅಲ್ಲಿ ಎಮ್ಮಿ ಇಲ್ಲ!" ಎಂದು ಮಾಸ್ತರರು ಚೀರಿದರು.

"ಒದರಾಕತ್ತೈತಲ್ರಿ! ದಾಟ್ಲಿ, ತಡೀರಿ," ಎಂದರು ಮಾವ.

ಖಾಲಿ ರಸ್ತೆಯ ಮುಂದೆ ಬಸ್ಸು ನಿಂತೇ ಇತ್ತು. ಆಟದ ಹೊತ್ತು ಮುಗಿದು ಮಾವ ಸೋತರು.

ಇನ್ನಾದರೂ ಮಾಸ್ತರರು ಆ ಕೂಗನ್ನು ಅಳಿಸುತ್ತಾರೆ ಅಂದುಕೊಂಡೆ. ಮರುದಿನ ಆಡಿ ನೋಡಿದರೆ ಕೂಗು ಹಾಗೇ ಇತ್ತು. ಆದರೆ ಆ ತಿರುವಿನಲ್ಲಿ ಬಸ್ಸು ನಿಲ್ಲಿಸಿದರೆ, ಇಲ್ಲದ ಎಮ್ಮೆ ದಾಟಿಹೋಗುವಷ್ಟು ಹೊತ್ತು ಆಟದ ಗಡಿಯಾರವೂ ನಿಲ್ಲುತ್ತಿತ್ತು.