ನೋಡುವ ಎಂದರೆ ನೋಡುವುದೇ

ಗಾಜಿನ ಮೇಲೆ ಸವರಿದ ರಕ್ತಕಣಗಳಿಗೆ ಹಾಕುವ ನೇರಳೆ ಬಣ್ಣದ ಬಾಟಲಿ ತೆರೆದೆ. ಸ್ಪಿರಿಟಿನಂಥ ಆ ವಾಸನೆಗೆ ಟೀಚರ್ ನೆನಪಾದರು.

ಬಂಟ್ವಾಳದಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಒಂದೇ ಕತೆ ಹೇಳಿದರು: ಮೂಡುಬಿದಿರೆಯಲ್ಲಿ ತುಂಬಿದ ಸಭೆಯೆದುರು ಶಿಷ್ಯೆಗೆ ಸೋತು ತಲೆಬಾಗಿದ ದೊಡ್ಡ ಮನಸ್ಸು ಅವರದು ಎಂದು. ಕೇಳಲು ಚೆನ್ನಾಗಿದೆ. ಆದರೆ ಆ ಶಿಷ್ಯೆ ನಾನು. ಟೀಚರ್ ಸೋಲಲೂ ಇಲ್ಲ, ತಲೆಬಾಗಲೂ ಇಲ್ಲ.

ನಾನು ಸಂಶೋಧನೆಗೆ ಸೇರಿದ ಪ್ರಯೋಗಾಲಯ ಅವರದು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತದಿಂದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೆಳೆಸುವುದು ನಮ್ಮ ಕೆಲಸ. ಅದೇ ದಿನ ತಲುಪದ ರಕ್ತವನ್ನು ಬಿಸಾಡಬೇಕು ಎಂಬುದು ಟೀಚರ್ ನಿಯಮ. ಹಾಗಾಗಿ ಬೆಳ್ತಂಗಡಿ ಕಡೆಯಿಂದ ಮರುದಿನ ಬರುವ ರಕ್ತವೆಲ್ಲ ವ್ಯರ್ಥ. ನಾನು ಬಿಸಾಡದೆ, ಅದೇ ದಿನದ ರಕ್ತದ ಜೊತೆಗೇ ಪುಟ್ಟ ತಟ್ಟೆಗಳಲ್ಲಿ ಬೆಳೆಸಿ, ಕೋಶಗಳ ಗುಂಪುಗಳನ್ನು ಎಣಿಸಿದೆ. ಎರಡೂ ಒಂದೇ ಸಮ ಬೆಳೆದಿದ್ದವು! ರಕ್ತ ಮತ್ತು ಆಕರಕೋಶದ ಹೊಸ ಸಂಶೋಧಕರಿಗಾಗಿ ಮೂಡುಬಿದಿರೆಯಲ್ಲಿ ನಡೆದ ಸಭೆಯಲ್ಲಿ ಅದನ್ನೇ ಮಂಡಿಸಿದೆ.

ಮುಂದಿನ ಸಾಲಿನಿಂದ ಟೀಚರ್ ಎದ್ದರು. "ಯಾವ ತಟ್ಟೆ ಯಾವುದಂತ ಗೊತ್ತಿದ್ದೇ ಎಣಿಸಿದ್ದಾ? ಹಾಗಾದ್ರೆ ಬೇಕಾದದ್ದೇ ಕಣ್ಣಿಗೆ ಕಾಣ್ತದೆ."

"ಹೌದು ಟೀಚರ್. ಆದ್ರೆ ನೀವು ಎಣಿಸಲೇ ಇಲ್ಲ ಅಲ್ವಾ, ಬಿಸಾಡಿದ್ದು ಮಾತ್ರ."

ಸಭೆ ನಕ್ಕಿತು. ಟೀಚರ್ ನಗಲಿಲ್ಲ. ಒಂದರ ಹಿಂದೆ ಒಂದು ಪ್ರಶ್ನೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನೂ ಬಿಡದೆ ಉತ್ತರಿಸಿದೆ.

ಸಂಘಟಕರು ಹತ್ತಿರ ಬಂದು, "ಮೇಡಂ, ಊಟ ತಣ್ಣಗಾಗ್ತದೆ" ಎಂದರು.

"ಊಟ ಬಿಸಿ ಮಾಡ್ಲಿಕ್ಕೆ ಆಗ್ತದೆ. ಇವಳು ಹೇಳಿದ್ದು ತಪ್ಪಾದ್ರೆ ಏನು ಮಾಡುವುದು?" ಮತ್ತೆ ನನ್ನತ್ತ ತಿರುಗಿ, "ಆಯ್ತು ಮಾರಾಯ್ತಿ, ನೋಡುವ" ಎಂದು ಕುಳಿತರು.

ಸಭೆ ಅದನ್ನು ಸೋಲೆಂದು ತಿಳಿಯಿತು. ನಾನು ಈ ಊರಿನವಳು, ಬೇರೆಯೇ ತಿಳಿದೆ. ನಮ್ಮಲ್ಲಿ "ನೋಡುವ" ಎಂದರೆ ಆಗುವುದಿಲ್ಲ ಎಂಬುದಕ್ಕೆ ಮರ್ಯಾದೆಯ ಮಾತು... ಸಭೆಗೂ ನನಗೂ ತಪ್ಪಿತು.

ಸೋಮವಾರ ಹೋದಾಗ ಮೇಜಿನ ಮೇಲೆ ಹೊಸ ತಟ್ಟೆಗಳು ಸಿದ್ಧವಿದ್ದವು. ಅವು ಬೆಳೆದ ಮೇಲೆ, ಯಾವುದು ಯಾವ ದಿನದ ರಕ್ತವೆಂದು ನಮ್ಮಿಬ್ಬರಿಗೂ ತಿಳಿಯದಂತೆ, ಟೀಚರ್ ಬೇರೆಯವರಿಂದ ಗುರುತುಗಳಿಗೆಲ್ಲ ಪ್ಲಾಸ್ಟರ್ ಹಾಕಿಸಿದರು. ಸೂಕ್ಷ್ಮದರ್ಶಕದಲ್ಲಿ ಅವರೊಮ್ಮೆ ಎಣಿಸಿದರು, ನಾನೊಮ್ಮೆ. ಟೀಚರಿಗೆ "ನೋಡುವ" ಎಂದರೆ ನೋಡುವುದೇ. ಹಿರಿತನದಿಂದ ಬಾಯಿ ಮುಚ್ಚಿಸಬಹುದಿತ್ತು. ಹೊಗಳಿ ಕಳಿಸುವುದು ಇನ್ನೂ ಸುಲಭವಿತ್ತು. ಅವರು ನನ್ನನ್ನು ಸರಿಸಮಾನ ಎದುರಾಳಿಯಾಗಿ ಕಂಡರು.

ಮೊದಲ ಸಲದ ಎಣಿಕೆಯಲ್ಲಿ ಅವರ ಮಾತು ಸರಿಯೆಂದಾಯಿತು. ಎರಡನೆಯ ಸಲ ನನ್ನದು.

"ಗೆದ್ದೆ ಅಂತ ಕುಣಿಯಬೇಡ. ಇನ್ನೊಮ್ಮೆ ಮಾಡುವ."

ಆ ಇನ್ನೊಮ್ಮೆಗೆ ಮೊದಲೇ ಅವರು ಮಲಗಿದರು. ಮತ್ತೆ ಏಳಲಿಲ್ಲ...

ಈಗ ಮೂರನೆಯ ಸಲದ ತಟ್ಟೆಗಳು ನನ್ನೆದುರಿವೆ. ಜೊತೆಯವರು ಪ್ಲಾಸ್ಟರ್ ಅಂಟಿಸಿ ಕೊಟ್ಟಿದ್ದಾರೆ. ನನ್ನದು ಸರಿಯೆಂದಾದರೆ ಬೆಳ್ತಂಗಡಿಯ ರಕ್ತ ಇನ್ನು ಕಸಕ್ಕೆ ಹೋಗದು. ಒಪ್ಪಲು ಎಲ್ಲರೂ ತಯಾರಿದ್ದಾರೆ. ಒಪ್ಪದೆ ಕೂರುವ ಒಬ್ಬರ ಕುರ್ಚಿ ಮಾತ್ರ ಖಾಲಿ.

ಟೀಚರ್, ನೋಡುವನಾ?