ಬದಿಗಿಟ್ಟ ಕಾಯಿಗಳ ಲೆಕ್ಕ

ಐವರ್ನಾಡಿನ ಆಚೆಗಿನ ಒಂದು ಸರಕಾರಿ ಶಾಲೆಯಲ್ಲಿ ನಾನು ಒಂದನೇ ತರಗತಿಯ ಟೀಚರ್. ಲೆಕ್ಕವನ್ನು ಕೈಯಿಂದಲೇ ಕಲಿಸಬೇಕು ಎಂಬ ಹುಚ್ಚು ನನಗೆ. ತರಬೇತಿಯಲ್ಲಿ ಕೊಟ್ಟ ಪ್ಲಾಸ್ಟಿಕ್ ಮಣಿಗಳು ಕಪಾಟಿನಲ್ಲಿ ತಣ್ಣಗೆ ಕೂತಿವೆ. ನನ್ನ ಮಕ್ಕಳು ಎಣಿಸುವುದು ಹುಣಸೆ ಬೀಜ ಮತ್ತು ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಆ ಕಟ್ಟು ಹಿಡಿದ ಕೈಗೆ ಹತ್ತು ಅಂದರೆ ಎಷ್ಟು ಎಂದು ಗೊತ್ತಾಗುತ್ತದೆ, ಪುಸ್ತಕದಲ್ಲಿ ಎಷ್ಟು ಸಲ ಬರೆಸಿದರೂ ಗೊತ್ತಾಗುವುದಿಲ್ಲ. ಇದನ್ನು ಯಾರಾದರೂ ಒಪ್ಪದಿದ್ದರೆ ನನಗೆ ಸಿಟ್ಟು ಬರುತ್ತದೆ. ಬರುತ್ತಿತ್ತು ಅನ್ನಬೇಕೋ ಏನೋ. ಈಗೀಗ ನನಗೇ ಏನೂ ಸರಿಯಾಗಿ ತಿಳಿಯುವುದಿಲ್ಲ.

ಕಳೆದ ವರ್ಷ ತರಗತಿಗೆ ಒಬ್ಬಳು ಹುಡುಗಿ ಬಂದಳು. ಅವಳ ಅಪ್ಪ ಊರಿನ ತೋಟಗಳಲ್ಲಿ ತೆಂಗಿನಕಾಯಿ ಕೀಳುವವರು, ಕಿತ್ತದ್ದನ್ನು ಎಣಿಸಿ ಕೊಡುವವರೂ ಅವರೇ. ರಜೆ ಸಿಕ್ಕಿದರೆ ಸಾಕು, ಮಗಳು ಅವರ ಹಿಂದೆ. ಒಂದು ದಿನ ಅವಳಿಗೆ ಮೂವತ್ತಮೂರು ಬೀಜ ಕೊಟ್ಟು ಎಷ್ಟುಂಟು ಎಂದು ಕೇಳಿದೆ. ಎರಡೆರಡೇ ಎತ್ತಿ ಹಾಕುತ್ತಾ ಚಕಚಕನೆ ಹತ್ತರ ಗುಂಪು ಮಾಡಿದಳು. ಒಂದೊಂದು ಗುಂಪು ಮುಗಿದಾಗಲೂ ಉಳಿದ ರಾಶಿಯಿಂದ ಒಂದು ಬೀಜ ತೆಗೆದು ಬದಿಗಿಟ್ಟಳು. ಕೊನೆಗೆ ಮೂರು ಗುಂಪು, ಬದಿಯಲ್ಲಿ ಮೂರು ಬೀಜ. ಮೂವತ್ತು ಎಂದಳು. ಮತ್ತೆ ಇವು ಎಂತದು ಎಂದು ಬದಿಯದ್ದನ್ನು ತೋರಿಸಿದೆ.

"ಅದನ್ನು ಎಣಿಸ್ಲಿಕ್ಕಿಲ್ಲ ಟೀಚರ್. ಅದು ಗುರ್ತಕ್ಕೆ."

ನನ್ನ ತಲೆ ಗಿರ್ರೆಂದಿತು. ಇವಳಿಗೆ ಬರುತ್ತದೋ ಬರುವುದಿಲ್ಲವೋ? ಬಿಸಿಯೂಟದ ಅಡುಗೆಯವರನ್ನು ಕೇಳಿದಾಗ ವಿಷಯ ಗೊತ್ತಾಯಿತು. ಕಾಯಿ ಎಣಿಸುವಾಗ ನೂರು ತುಂಬಿದ ಕೂಡಲೇ ಬೇರೆ ಒಂದು ಕಾಯಿಯನ್ನು ಬದಿಗಿಡುತ್ತಾರಂತೆ, ಎಷ್ಟು ನೂರಾಯಿತೆಂದು ನೆನಪಿಗೆ. ನಮ್ಮ ಕಡೆಯ ಕೆಲವು ತೋಟಗಳಲ್ಲಿ ಆ ಗುರ್ತದ ಕಾಯಿಗಳು ಎಣಿಸಿದವನಿಗೇ. ಯಾರೂ ಕೇಳುವುದಿಲ್ಲ, ಯಾರೂ ಕೊಡುವುದೂ ಇಲ್ಲ, ಸುಮ್ಮನೆ ಅವನ ಚೀಲಕ್ಕೆ ಹೋಗುತ್ತವೆ.

ಶಾಲೆಯಲ್ಲಿ ಹಾಗೆ ಮಾಡಿದರೆ ಆಗುತ್ತದಾ? ಕಣ್ಣಿಗೆ ಕಾಣುವುದನ್ನೆಲ್ಲ ಎಣಿಸಬೇಕು, ಒಂದನ್ನೂ ಬಿಡಬಾರದು ಎಂದು ಅವಳ ಕೈ ಹಿಡಿದೇ ಕಲಿಸಿದೆ. ಹುಡುಗಿ ಸುಲಭಕ್ಕೆ ಬಗ್ಗಲಿಲ್ಲ, ಆದರೆ ನಾನು ಬಿಡುವವಳೇ? ವಾರ ಕಳೆಯುವಷ್ಟರಲ್ಲಿ ಮೂವತ್ತಮೂರು ಎಂದಳು. ನನಗೆ ಹಿಗ್ಗೋ ಹಿಗ್ಗು.

ಆಮೇಲೊಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಒಂದು ತೋಟದ ಯಜಮಾನರು ಸ್ಕೂಟರ್ ನಿಲ್ಲಿಸಿ ನನ್ನನ್ನು ಹೊಗಳಿದರು. "ಆ ಹುಡುಗಿ ಭಾರಿ ಹುಷಾರುಂಟು ಮಾರಾಯ್ರೆ. ನಮ್ಮ ಅಂಗಳದಲ್ಲೇ ನಿಂತು, ಬದಿಯ ಕಾಯಿ ಲೆಕ್ಕಕ್ಕೆ ಬರ್ಲಿಲ್ಲ ಅಂತ ಹೇಳಿದ್ಳು. ಇಷ್ಟು ವರ್ಷ ನನಗೇ ಹೊಳಿಲಿಲ್ಲ ನೋಡಿ." ಮನೆಗೆ ಹೋಗಿ ಗಂಡನಿಗೆ ಅದನ್ನೇ ಮತ್ತೆ ಮತ್ತೆ ಹೇಳಿ ಅವರ ಚಹಾ ಆರಿಸಿದೆ. ಇದರಲ್ಲಿ ಬೇರೆ ಏನಾದರೂ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಹುಡುಗಿಯ ಅಮ್ಮ ಶಾಲೆಗೆ ಬಂದಾಗ. ಜಗಳಕ್ಕೆ ಬಂದಿರಲಿಲ್ಲ, ಬಂದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಯಜಮಾನರು ಗುರ್ತದ ಕಾಯಿಗಳನ್ನೂ ತಮ್ಮ ರಾಶಿಗೆ ಸೇರಿಸಲು ಶುರು ಮಾಡಿದ್ದರು, ಸುದ್ದಿ ಕೇಳಿ ಪಕ್ಕದ ತೋಟದವರೂ ಹಾಗೆಯೇ.

"ಅವಳು ಹೇಳಿದ್ದು ಸರಿಯೇ ಟೀಚರ್, ತಪ್ಪು ಅಂತ ಹೇಳ್ಲಿಕ್ಕೆ ನಮಗೂ ಆಗುದಿಲ್ಲ. ಆದ್ರೆ ಈಗ ಪದಾರ್ಥಕ್ಕೆ ಅರೆಯುವ ಕಾಯಿಯನ್ನೂ ಅಂಗಡಿಯಿಂದ ತರುದು."

ಅಪ್ಪ ಮಗಳಿಗೆ ಒಂದು ಮಾತೂ ಬೈಯಲಿಲ್ಲವಂತೆ. ಜೊತೆಗೆ ಕರೆದುಕೊಂಡು ಹೋಗುವುದನ್ನು ಮಾತ್ರ ನಿಲ್ಲಿಸಿದ್ದಾರಂತೆ. ಭಾನುವಾರ ಬೆಳಿಗ್ಗೆ ಅವಳು ಚಪ್ಪಲಿ ಹಾಕಿ ತಯಾರಾಗಿ ನಿಂತಿರುತ್ತಾಳೆ, ಅವರು ಹಿಂದಿನ ದಾರಿಯಿಂದ ಹೋಗಿಬಿಡುತ್ತಾರೆ.

ಕೇಳಿ ನನಗೆ ತಡೆಯಲಾಗಲಿಲ್ಲ, ಯಜಮಾನರ ಮನೆಗೇ ಹೋದೆ. ಅವರು ಶರಬತ್ತು ಕೊಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿ, ಅಣಕವೇನೂ ಇಲ್ಲದೆ, ನೀವೇ ಕಲಿಸಿದ್ದಲ್ವಾ ಟೀಚರ್, ಹಾಗಾದರೆ ಅದು ತಪ್ಪಾ ಎಂದು ಕೇಳಿದರು. ತಪ್ಪು ಎಂದು ಹೇಗೆ ಹೇಳಲಿ? ಸರಿ ಎಂದಾದರೂ ಹೇಗೆ ಹೇಳಲಿ? ಶರಬತ್ತು ಕುಡಿದು ಎದ್ದು ಬಂದೆ, ನಾಚಿಕೆಗೆಟ್ಟವಳ ಹಾಗೆ.

ಮರುದಿನ ಬಿಸಿಯೂಟದ ಅನ್ನಕ್ಕೆ ತಲೆ ಎಣಿಸುವ ಸರದಿ ಆ ಹುಡುಗಿಯದು. ಎಲ್ಲರ ತಲೆ ಮುಟ್ಟಿ ಮುಟ್ಟಿ ಎಣಿಸಿ ಹದಿನೇಳು ಎಂದಳು. ಅವಳೂ ಸೇರಿ ಮಕ್ಕಳು ಹದಿನೆಂಟು. ತನ್ನನ್ನೇ ಬಿಟ್ಟು ಎಣಿಸುವುದು ಈ ವಯಸ್ಸಿನ ಮಕ್ಕಳೆಲ್ಲ ಮಾಡುವ ತಪ್ಪು, ಪ್ರತಿ ವರ್ಷ ನಗುತ್ತೇನೆ. ಅಂದೂ ನಗುತ್ತಲೇ ಅವಳ ಗಲ್ಲ ಹಿಡಿದು, ಮತ್ತೆ ನೀನು ಎಂದು ಕೇಳಿದೆ.

ಅವಳು ನಗಲಿಲ್ಲ. "ನನ್ನನ್ನು ಎಣಿಸ್ಬೇಡಿ ಟೀಚರ್," ಎಂದಳು ಮೆಲ್ಲಗೆ. "ಎಣಿಸಿದ್ರೆ ಮತ್ತೆ ನಾನೂ ಅಪ್ಪನಿಗೆ ಸಿಗುದಿಲ್ಲ."